ಪದ ಪರಿಚಯ: ಸ್ಕೌಟ್

ಅಮೆರಿಕದ ಬೇಸ್‌ಬಾಲ್ ತಂಡವೊಂದು ಸೋತು ಸುಣ್ಣವಾಗಿ, ಸ್ಕೌಟಿಂಗ್ ವಿಭಾಗದ ಏಳೆಂಟು ಜನರನ್ನು ಮನೆಗೆ ಕಳಿಸಿತು ಎನ್ನಿ. ಕನ್ನಡದಲ್ಲಿ ಅದು ‘ಆಯ್ಕೆ ಸಮಿತಿ ವಜಾ’ ಆಗಿ ಬರುತ್ತದೆ. ಒಮ್ಮೆ ಆಗಿದ್ದರೆ ಕೈತಪ್ಪು ಎಂದು ಬಿಡಬಹುದಿತ್ತು, ಈಗ ರೂಢಿಯೇ ಆಗಿಬಿಟ್ಟಿದೆ. 2022ರ ನವೆಂಬರಿನಲ್ಲಿ ಬಿಸಿಸಿಐ ಕೈಬಿಟ್ಟಿತಲ್ಲ, ಚೇತನ್ ಶರ್ಮಾ ನೇತೃತ್ವದ ತಂಡ, ಅದು ಆಯ್ಕೆ ಸಮಿತಿ. ಕೂತು ಚರ್ಚಿಸಿ ಹೆಸರುಗಳ ಪಟ್ಟಿ ಹೊರಡಿಸುವುದು ಅವರ ಕೆಲಸ. ಸ್ಕೌಟ್ ಯಾವ ಪಟ್ಟಿಯನ್ನೂ ಹೊರಡಿಸುವುದಿಲ್ಲ. ಹೊಸ ಆಟಗಾರರನ್ನು ಹೋಗಿ ನೋಡಿ, ವಿಚಾರಿಸಿ, ಬರೆದುಕೊಡುತ್ತಾನೆ. ಅವನ ಅಧಿಕಾರ ಅಲ್ಲಿಗೆ ಮುಗಿಯಿತು.

ಪದದ ಬೇರಿನಲ್ಲೇ ಇದು ಇದೆ. ಲ್ಯಾಟಿನ್ನಿನ ‘ಆಸ್ಕುಲ್ತಾರೆ’ ಎಂದರೆ ಕಿವಿಗೊಟ್ಟು ಕೇಳು. ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದು ‘ಸ್ಕೌಟ್’ ಆಯಿತು. ಇಂದಿಗೂ ಫ್ರೆಂಚರು ‘ಕೇಳು’ ಎನ್ನಲು ‘ಎಕೂತೆ’ ಎನ್ನುತ್ತಾರೆ, ಅದೂ ಇದೇ ಮನೆಯದು. ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ಎದೆಬಡಿತ ಕೇಳುವುದಕ್ಕೆ ವೈದ್ಯರ ಮಾತಿನಲ್ಲಿ ‘ಆಸ್ಕಲ್ಟೇಶನ್’, ಅದೂ ಇದರ ಒಡಹುಟ್ಟು. ಅಂದರೆ ಯುರೋಪಿನವರ ಸ್ಕೌಟ್ ಮೊದಲು ಕಿವಿ, ಆಮೇಲೆ ಕಣ್ಣು. ನಮ್ಮ ಕಡೆ ದಾರಿ ಬೇರೆ. ‘ಚಾರ’ ಬಂದದ್ದು ‘ಚರ’ದಿಂದ, ತಿರುಗಾಡುವವನು. ರಾಜನನ್ನು ‘ಚಾರಚಕ್ಷು’ ಎಂದರು, ಚಾರರೇ ಅವನ ಕಣ್ಣು. ಅಲ್ಲಿ ಕಿವಿ, ಇಲ್ಲಿ ಕಾಲು ಮತ್ತು ಕಣ್ಣು. ಎರಡೂ ಕಡೆ ಒಂದು ಸಂಗತಿ ಮಾತ್ರ ಬದಲಾಗಲಿಲ್ಲ: ತಂದ ಸುದ್ದಿಯನ್ನು ತೂಗಿ ತೀರ್ಪು ಕೊಡುವವನು ಬೇರೆಯವನೇ. (ಇಂಗ್ಲಿಷಿನಲ್ಲಿ ಒಂದು ಸಲಹೆಯನ್ನು ತುಚ್ಛವಾಗಿ ತಳ್ಳಿಹಾಕುವುದಕ್ಕೂ ‘ಸ್ಕೌಟ್’ ಎಂಬ ಕ್ರಿಯಾಪದವಿದೆ. ಅದು ಸ್ಕ್ಯಾಂಡಿನೇವಿಯಾದ ಕಡೆಯ ಬೇರೆ ಪದ. ನಿಘಂಟು ನೋಡಿ ಎರಡನ್ನೂ ಗಂಟು ಹಾಕಬೇಡಿ.)

ಹಾಗಾದರೆ ‘ಬೇಹುಗಾರ’ ಎಂದು ಬರೆಯಬಹುದೇ? ಬೇಡ. ಬೇಹಿಗೆ ಗುಟ್ಟು ಬೇಕು. ಬೇಸ್‌ಬಾಲ್ ಸ್ಕೌಟ್ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ, ಎಲ್ಲರಿಗೂ ಕಾಣುವಂತೆ, ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಎತ್ತಿ ಹಿಡಿದು ಕೂರುತ್ತಾನೆ. ಮುಂದಿನ ಎದುರಾಳಿಯ ಆಟ ನೋಡಲು ಹೋಗುವ ‘ಅಡ್ವಾನ್ಸ್ ಸ್ಕೌಟ್’ ಒಬ್ಬನಿಗೆ ಆ ಪದ ಅರ್ಧ ಒಪ್ಪೀತು. ‘ಪ್ರತಿಭಾನ್ವೇಷಕ’ ತಪ್ಪಲ್ಲ, ಆದರೆ ಟಿವಿಯ ಹಾಡಿನ ಸ್ಪರ್ಧೆಯ ವಾಸನೆ ಹೊಡೆಯುತ್ತದೆ. ಶಾಲೆಯ ಸ್ಕೌಟ್ಸ್ ಅಂಡ್ ಗೈಡ್ಸ್‌ನಿಂದ ಪದ ನಮಗೆ ಹಳೆಯದು, ಐಪಿಎಲ್ ತಂಡಗಳಿಂದ ಈ ಅರ್ಥವೂ ಬಂದಾಯಿತು. ಸ್ಕೌಟ್ ಎಂದೇ ಬರೆದರೆ ಯಾರಿಗೂ ತೊಡಕಿಲ್ಲ.

ಕೆಲಸದ ಏಣಿ ಹೀಗಿದೆ. ಕೆಳಗಿನ ಮೆಟ್ಟಿಲಲ್ಲಿ ಏರಿಯಾ ಸ್ಕೌಟ್: ಒಂದೋ ಕೆಲವೋ ರಾಜ್ಯಗಳ ಹೈಸ್ಕೂಲು, ಕಾಲೇಜು ಹುಡುಗರೆಲ್ಲ ಅವನ ಪಾಲು. ಅವನು ಮುಂದಿಟ್ಟ ಹೆಸರುಗಳನ್ನು ಮತ್ತೆ ಹೋಗಿ ನೋಡುವವನು ಕ್ರಾಸ್‌ಚೆಕರ್. ಎಲ್ಲ ವರದಿಗಳನ್ನೂ ಒಂದು ಬೋರ್ಡಿನ ಮೇಲೆ ಸಾಲುಗಟ್ಟಿಸಿ, ಡ್ರಾಫ್ಟ್ ದಿನ (ಹೊಸ ಹುಡುಗರನ್ನು ತಂಡಗಳು ಸರದಿ ಪ್ರಕಾರ ಕರೆದು ತಮ್ಮದಾಗಿಸಿಕೊಳ್ಳುವ ದಿನ) ಯಾರನ್ನು ಕರೆಯಬೇಕೆಂದು ನಿರ್ಧರಿಸುವವನು ಸ್ಕೌಟಿಂಗ್ ಡೈರೆಕ್ಟರ್. ‘ಆಯ್ಕೆ’ ಎಂಬ ಮಾತು ಸಲ್ಲುವುದು ಅವನಿಗೆ, ಅವನ ಮೇಲಿನ ಜನರಲ್ ಮ್ಯಾನೇಜರಿಗೆ.

ವರದಿ ಎಂದರೆ ‘ಹುಡುಗ ಚೆನ್ನಾಗಿದ್ದಾನೆ’ ಎಂಬ ಶಿಫಾರಸು ಪತ್ರವಲ್ಲ. ಅಂಕ 20ರಿಂದ 80ರವರೆಗೆ; ಮೇಜರ್ ಲೀಗಿನ, ಅಂದರೆ ಅಲ್ಲಿನ ಅತ್ಯುನ್ನತ ಲೀಗಿನ, ಸರಾಸರಿ ಆಟಗಾರನ ಮಟ್ಟ 50. ಬ್ಯಾಟರ್ ಆದರೆ ಐದು ಬಾಬತ್ತು: ಚೆಂಡಿಗೆ ತಾಗಿಸುವುದು, ದೂರ ಹೊಡೆಯುವುದು, ಓಟ, ಫೀಲ್ಡಿಂಗ್, ಎಸೆಯುವ ತೋಳು. ಬಲಗೈ ಬ್ಯಾಟರ್ ಹೊಡೆದು ಮೊದಲ ಬೇಸ್ ಮುಟ್ಟಲು 4.3 ಸೆಕೆಂಡ್ ತೆಗೆದುಕೊಂಡರೆ ಓಟಕ್ಕೆ 50. ಎಡಗೈಯವನು ಬೇಸಿಗೆ ಹತ್ತಿರ ನಿಲ್ಲುವುದರಿಂದ ಅವನಿಗೆ 4.2. ಪ್ರತಿ ಬಾಬತ್ತಿಗೂ ಎರಡಂಕ, ಇವತ್ತಿನದು ಮತ್ತು ಮುಂದೆ ಆಗಬಹುದಾದದ್ದು. ಹದಿನೇಳರ ಹುಡುಗನ ಮುಂದೆ 30/60 ಎಂದಿದ್ದರೆ ಅದರಲ್ಲಿ ತಪ್ಪಿಲ್ಲ. ಇಷ್ಟೆಲ್ಲ ಕಣ್ಣಿನ ಕೆಲಸ, ಇದರಲ್ಲಿ ಹೆಚ್ಚಿನ ಪಾಲನ್ನು ಇಂದು ಕ್ಯಾಮೆರಾ, ರೇಡಾರ್‌ಗಳು ಸ್ಕೌಟ್‌ಗಿಂತ ಚೆನ್ನಾಗಿ ಮಾಡುತ್ತವೆ.

ಕಿವಿಯ ಕೆಲಸ ಮಾತ್ರ ಅವು ಮಾಡಲಾರವು. ಹುಡುಗನ ಮನೆಯಲ್ಲಿ ಕೂತು ತಂದೆತಾಯಿಯ ಮಾತು ಕೇಳಿ, ಎಷ್ಟು ಕೊಟ್ಟರೆ ಇವನು ಕಾಲೇಜು ಬಿಟ್ಟು ಬರುತ್ತಾನೆ ಎಂದು ಅಂದಾಜು ಮಾಡಬೇಕು. 2012ರಿಂದ ಈ ಅಂದಾಜಿಗೆ ಚಿನ್ನದ ಬೆಲೆ, ಏಕೆಂದರೆ ಪ್ರತಿ ತಂಡ ಡ್ರಾಫ್ಟಿನ ಹುಡುಗರಿಗೆ ಸಹಿ ಹಾಕಿಸುವಾಗ ಕೊಡುವ ಒಟ್ಟು ಬೋನಸ್ ಮೊತ್ತಕ್ಕೆ ಆ ವರ್ಷ ಮಿತಿ ಬಂತು. ಮಿತಿಯನ್ನು ಶೇ. 5ಕ್ಕಿಂತ ಹೆಚ್ಚು ದಾಟಿದರೆ ಮುಂದಿನ ಮೊದಲ ಸುತ್ತಿನ ಅವಕಾಶವೇ ಹೋಯಿತು. ಅದೇ ವರ್ಷ ಹ್ಯೂಸ್ಟನ್ ಆಸ್ಟ್ರೋಸ್ ಮೊದಲ ಕರೆಯಲ್ಲಿ ಪೋರ್ಟೊರಿಕೊದ 17ರ ಹುಡುಗ ಕಾರ್ಲೊಸ್ ಕೊರಿಯಾನನ್ನು ತೆಗೆದುಕೊಂಡಿತು. ಆ ಜಾಗದ ನಿಗದಿ ಮೊತ್ತ 72 ಲಕ್ಷ ಡಾಲರ್, ಅವನು ಸಹಿ ಹಾಕಿದ್ದು 48 ಲಕ್ಷಕ್ಕೆ. ಉಳಿದ ಹಣದ ಬಲದಲ್ಲಿ 41ನೇ ಕರೆಯಲ್ಲಿ ಲ್ಯಾನ್ಸ್ ಮೆಕಲರ್ಸ್ ಜೂನಿಯರ್‌ಗೆ 25 ಲಕ್ಷ ಕೊಟ್ಟು ಹಿಡಿದರು. 2017ರ ವಿಶ್ವ ಸರಣಿಯ (ಮೇಜರ್ ಲೀಗಿನ ಫೈನಲ್) ಏಳನೇ ಪಂದ್ಯದಲ್ಲಿ ಆಸ್ಟ್ರೋಸ್ ಪರ ಮೊದಲ ಚೆಂಡು ಎಸೆದವನು ಇದೇ ಮೆಕಲರ್ಸ್. ಯಾರು ಎಷ್ಟಕ್ಕೆ ಒಪ್ಪುತ್ತಾರೆಂಬ ಸುದ್ದಿ ಕೈಯಲ್ಲಿಲ್ಲದೆ ಇಂಥ ಲೆಕ್ಕ ಹಾಕಲು ಬರುವುದಿಲ್ಲ.

ಜೊತೆಗೆ ಸಿಕ್ಕಿಹಾಕಿಕೊಳ್ಳುವ ಇನ್ನೊಂದು ಪದ ‘ಫ್ರಂಟ್ ಆಫೀಸ್’. ನಮ್ಮೂರ ಹೋಟೆಲು, ಆಸ್ಪತ್ರೆಗಳ ಉದ್ಯೋಗ ಜಾಹೀರಾತಿನಲ್ಲಿ ಅದು ರಿಸೆಪ್ಶನ್. ಬೇಸ್‌ಬಾಲ್‌ನಲ್ಲಿ ಮೈದಾನದ ಹೊರಗಿನ ಇಡೀ ಆಡಳಿತ: ಜನರಲ್ ಮ್ಯಾನೇಜರ್, ಸ್ಕೌಟಿಂಗ್, ಅಂಕಿಅಂಶ, ಆಟಗಾರರನ್ನು ಬೆಳೆಸುವ ವಿಭಾಗ. ಬರೀ ‘ಮ್ಯಾನೇಜರ್’ ಎಂದರೆ ಸಮವಸ್ತ್ರ ತೊಟ್ಟು ಡಗೌಟಿನಲ್ಲಿ ಕೂರುವವನು, ನಮ್ಮ ಲೆಕ್ಕದಲ್ಲಿ ಕೋಚ್. ಫ್ರಂಟ್ ಆಫೀಸ್ ಬದಲಾಯಿತು ಎಂದರೆ ಸ್ವಾಗತಕಾರಿಣಿ ಬದಲಾದಳು ಎಂದಲ್ಲ, ಮ್ಯಾನೇಜರ್ ಬದಲಾದ ಎಂದೂ ಅಲ್ಲ.

ಪುನರ್‌ರಚನೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಬಾಲ್ಟಿಮೋರ್ ಓರಿಯೋಲ್ಸ್ ನೋಡಿ. 2018ರಲ್ಲಿ 115 ಪಂದ್ಯ ಸೋತರು. ಜನರಲ್ ಮ್ಯಾನೇಜರ್ ಕೆಲಸ ಮಾಡುತ್ತಿದ್ದ ಡ್ಯಾನ್ ಡುಕೆಟ್ ಹೋದರು. ನವೆಂಬರಿನಲ್ಲಿ ಆಸ್ಟ್ರೋಸ್‌ನಿಂದ ಮೈಕ್ ಇಲಿಯಾಸ್ ಬಂದರು, ಅಂಕಿಅಂಶಕ್ಕೆ ಹಿಂದೆ ನಾಸಾದಲ್ಲಿದ್ದ ಸಿಗ್ ಮೇಡಲ್ ಬಂದರು. ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಬಂದದ್ದು ಆಮೇಲೆ, ಡಿಸೆಂಬರಿನಲ್ಲಿ. ಲ್ಯಾಟಿನ್ ಅಮೆರಿಕದ ಹುಡುಗರಿಗೆ ಹಳೆಯ ಆಡಳಿತ ಖರ್ಚು ಮಾಡುತ್ತಿದ್ದದ್ದು ಅತ್ಯಲ್ಪ, ಆ ಬಾಬಿನ ಬೋನಸ್ ಹಣವನ್ನೇ ಬೇರೆ ತಂಡಗಳಿಗೆ ದಾಟಿಸುತ್ತಿತ್ತು. 2019ರ ಆರಂಭದಲ್ಲಿ ಕೋಬಿ ಪೆರೆಜ್ ಅವರನ್ನು ತಂದು ಆ ವಿಭಾಗವನ್ನು ಹೆಚ್ಚುಕಡಿಮೆ ಬುಡದಿಂದ ಕಟ್ಟಿಸಿದರು. ಸ್ಕೌಟಿಂಗ್ ಸಿಬ್ಬಂದಿಯ ದೊಡ್ಡ ಕಡಿತ ಬಂದದ್ದು 2019ರ ಆಗಸ್ಟಿನಲ್ಲಿ, ಅಂದರೆ ಜೂನ್ ಡ್ರಾಫ್ಟ್ ಮುಗಿದ ಮೇಲೆ. ಆ ಡ್ರಾಫ್ಟಿನಲ್ಲಿ ಮೊದಲ ಕರೆ ಆಡ್ಲಿ ರಚ್‌ಮನ್, 42ನೆಯದು ಗನ್ನರ್ ಹೆಂಡರ್ಸನ್. 2023ರಲ್ಲಿ ತಂಡ 101 ಪಂದ್ಯ ಗೆದ್ದಿತು.

ಮೊದಲು ಡ್ರಾಫ್ಟ್, ಆಮೇಲೆ ಕಡಿತ ಎಂಬ ಆ ಕ್ರಮ ಮುಖ್ಯ, ತಪ್ಪುವುದೂ ಅಲ್ಲೇ. ಸ್ಕೌಟ್‌ಗಳ ಕರಾರು ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ, ಆದ್ದರಿಂದ ಹೊಸ ಯಜಮಾನನ ಕೈ ಆಗಲೇ ತುರಿಸುತ್ತದೆ. ಆದರೆ ಮುಂದಿನ ವರ್ಷದ ಹುಡುಗರನ್ನು ಸ್ಕೌಟ್ ಆ ಬೇಸಿಗೆಯ ಪ್ರದರ್ಶನ ಪಂದ್ಯಗಳಲ್ಲೇ ನೋಡಿ ಮುಗಿಸಿರುತ್ತಾನೆ. ಅವನು ಹೋದರೆ ಅಂಕಗಳು ಕಂಪ್ಯೂಟರಿನಲ್ಲಿ ಉಳಿಯುತ್ತವೆ, ಹೈಸ್ಕೂಲು ಕೋಚ್ ಜೊತೆಗಿನ ಮಾತುಕತೆ ಅವನ ಹಿಂದೆಯೇ ಹೋಗುತ್ತದೆ. ಇನ್ನೊಂದು ಎಡವಟ್ಟು ಸದ್ದಿಲ್ಲದ್ದು: ಏರಿಯಾ ಸ್ಕೌಟ್ ಬರೆದ ವರದಿ ಓದಿಕೊಂಡೇ ಕ್ರಾಸ್‌ಚೆಕರ್ ಪಂದ್ಯಕ್ಕೆ ಹೋದರೆ, 55 ಎಂದು ಮೊದಲೇ ಕಂಡದ್ದು ಅವನ ಕಣ್ಣಿಗೂ 55 ಆಗುತ್ತದೆ. ಎರಡನೆಯ ಅಭಿಪ್ರಾಯಕ್ಕೆ ಸಂಬಳ ಕೊಟ್ಟು ಮೊದಲನೆಯದರ ನಕಲು ಕೊಂಡಂತಾಯಿತು. ತನ್ನ ಅಂಕ ಬರೆಯುವ ತನಕ ಇನ್ನೊಬ್ಬನ ಅಂಕ ಕಾಣದಂತೆ ಬೀಗ ಹಾಕುವುದೇ ಮದ್ದು. ಒಬ್ಬನ 45 ಇನ್ನೊಬ್ಬನ 55 ಆಗಿರುವುದೂ ಉಂಟು. ಹಿಂದಿನ ವರದಿಗಳನ್ನು ಆಮೇಲಿನ ಆಟದ ಪಕ್ಕದಲ್ಲಿಟ್ಟು, ಯಾರ ಕೈ ಧಾರಾಳ, ಯಾರದು ಬಿಗಿ ಎಂದು ತಿಳಿದು ತೂಕ ಸರಿಪಡಿಸಬೇಕು. ಇಷ್ಟೂ ಮೇಲಿನವರ ಕೆಲಸ. ಇದನ್ನು ಮಾಡದೆ ಸ್ಕೌಟನ್ನು ಬದಲಿಸಿದರೆ ಹೊಸ ವರದಿಗೂ ಹಳೆಯದರ ಗತಿಯೇ.

‘ಹಳೆಯ ಸ್ಕೌಟ್‌ಗಳು ದಂಡ, ಅದಕ್ಕೇ ಓಡಿಸಿದರು’ ಎನ್ನುವವರು ಬಾಬಿ ಹೆಕ್ ಹೆಸರು ಕೇಳಿರಬೇಕು. ಆಸ್ಟ್ರೋಸ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತಿತು. ಆ ನಡುವೆ, 2012ರ ಡ್ರಾಫ್ಟ್ ಮುಗಿದ ಮೇಲೆ, ಸ್ಕೌಟಿಂಗ್ ಡೈರೆಕ್ಟರ್ ಹೆಕ್ ಅವರನ್ನು ಕಳಿಸಿಕೊಟ್ಟರು. ಅವರ ಕಾಲದಲ್ಲಿ ಬಂದವರು ಡಲಸ್ ಕೈಕಲ್, ಜಾರ್ಜ್ ಸ್ಪ್ರಿಂಗರ್, ಆ ಕೊರಿಯಾ. 2017ರಲ್ಲಿ ಆಸ್ಟ್ರೋಸ್ ವಿಶ್ವ ಸರಣಿ ಗೆದ್ದಾಗ ಸರಣಿಶ್ರೇಷ್ಠ ಸ್ಪ್ರಿಂಗರ್. ಅದೇ ತಂಡದ ಹೋಸೆ ಆಲ್ಟುವೆ ಅಂತೂ 2007ರಲ್ಲೇ, ಇನ್ನೂ ಹಿಂದಿನವರ ಕೈಯಲ್ಲಿ, ವೆನೆಜುವೆಲಾದಿಂದ ಬರೀ 15,000 ಡಾಲರಿಗೆ ಬಂದವನು.

ಹೆಕ್ ಹೋದದ್ದನ್ನು ‘ಆಯ್ಕೆ ಮುಖ್ಯಸ್ಥರ ವಜಾ’ ಎಂದು ಬರೆದಿದ್ದರೆ ನಡೆಯುತ್ತಿತ್ತು. ಒಬ್ಬ ಏರಿಯಾ ಸ್ಕೌಟ್ ಹೋದರೆ ಮಾತ್ರ ದಯವಿಟ್ಟು ಬೇಡ.