ತರಬೇತಿಯ ಫಲವನ್ನು ನಾಲ್ಕನೇ ವರ್ಷ ಕೇಳಿ

ಸ್ವಂತ ಉದ್ಯೋಗದ ತರಬೇತಿ ಮುಗಿಸಿ ಮೂರು ತಿಂಗಳಾಗಿರುವುದಿಲ್ಲ, ಮನೆಯವರು ಕೇಳುತ್ತಾರೆ: "ಎಷ್ಟು ದುಡೀತಿ ಈಗ?" ಧಾರವಾಡ, ಹಾವೇರಿ ಕಡೆಯ ಹುಡುಗರಿಗೆ ತರಬೇತಿ ಕೊಡುವವನಾಗಿ ನನ್ನ ವಿನಂತಿ, ಆ ಲೆಕ್ಕ ಆಗಲೇ ಹಾಕಬೇಡಿ. ಮೋಟರ್ ವೈಂಡಿಂಗ್ ಕಲಿತವನಿಗೆ ಬೇಸಿಗೆಯಲ್ಲಿ ಪಂಪ್‌ಸೆಟ್ ಕೆಲಸ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ. ಗಿರಾಕಿ ಕುದುರಬೇಕು, ಉದ್ರಿ ವಸೂಲಾಗಬೇಕು. ಒಂದು ವರ್ಷ ಹೀಗೇ ಹೋಗುತ್ತದೆ.

ಉಗಾಂಡಾದ ಉತ್ತರ ಭಾಗದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಸುಬು ಕಲಿಯಲು, ಉಪಕರಣ ಕೊಳ್ಳಲು ಅಲ್ಲಿನ ಸರ್ಕಾರ ಯುವಜನರ ಗುಂಪುಗಳಿಗೆ ಒಬ್ಬೊಬ್ಬ ಸದಸ್ಯರಿಗೆ ಸುಮಾರು 400 ಡಾಲರ್ ಲೆಕ್ಕದಲ್ಲಿ ಹಣ ಕೊಟ್ಟಿತು. ಅರ್ಹರ ಪೈಕಿ ಯಾರಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರಿಂದ ಹೋಲಿಕೆ ನಂಬುವಂಥದ್ದು. 4 ವರ್ಷ ಕಳೆದಾಗ ಹಣ ಸಿಕ್ಕವರ ಗಳಿಕೆ ಸಿಗದವರಿಗಿಂತ ಶೇ. 38ರಷ್ಟು ಹೆಚ್ಚಿತ್ತು. 9 ವರ್ಷಕ್ಕೆ ಆ ಅಂತರ ಹೆಚ್ಚು ಕಡಿಮೆ ಅಳಿಸಿಹೋಯಿತು. ಸಿಗದವರೂ ಕೂಲಿ, ಸಣ್ಣ ವ್ಯಾಪಾರ ಹಿಡಿದು ಮೇಲೆ ಬಂದಿದ್ದರು. ಹಾಗಂತ ದುಡ್ಡು ದಂಡವಾಯಿತೇ? ಖಂಡಿತ ಇಲ್ಲ. ನಡುವಿನ ವರ್ಷಗಳ ಗಳಿಕೆ ಕೈಗೆ ಬಂದದ್ದೇ ಅಲ್ವಾ? ಮನೆಯ ಆಸ್ತಿಯಲ್ಲಿ, ಕಸುಬಿನ ಕೆಲಸದಲ್ಲಿ ಆಗಲೂ ಹಣ ಸಿಕ್ಕವರೇ ಮುಂದಿದ್ದರು.

ಏನು ಕಲಿಸುತ್ತೇವೆ ಎನ್ನುವುದೂ ಮುಖ್ಯ. ಪಶ್ಚಿಮ ಆಫ್ರಿಕಾದ ಟೋಗೋ ದೇಶದಲ್ಲಿ ಸಣ್ಣ ವ್ಯಾಪಾರಿಗಳಿಗೆ ತಾವಾಗಿಯೇ ಮುಂದೆ ಬಿದ್ದು ಹೊಸ ದಾರಿ ಹುಡುಕುವ ರೂಢಿ ಕಲಿಸಿದಾಗ ಲಾಭ ಶೇ. 30ರಷ್ಟು ಏರಿತು. ಬರೀ ಲೆಕ್ಕಪತ್ರ, ಮಾರಾಟದ ಪಾಠ ಕೇಳಿದವರಲ್ಲಿ ಖಚಿತವಾಗಿ ಹೇಳುವಂಥ ಏರಿಕೆ ಕಾಣಲಿಲ್ಲ.

ನಮ್ಮಲ್ಲಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ಸ್ವಂತ ಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯೇ ಇವತ್ತಿನ ಆರ್‌ಸೆಟಿಗಳಿಗೆ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮೂಲ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಆದರೆ ನನ್ನ ಕಣ್ಣಿಗೆ ಇವುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ತರಬೇತಿಯ ನಂತರ ಎರಡು ವರ್ಷ ಕಲಿತವರ ಬೆನ್ನಿಗಿದ್ದು ವಿಚಾರಿಸುವುದು. ಅದು ಸುಮ್ನೆ ಫೋನ್ ಮಾಡಿ ಹಾಳೆ ತುಂಬುವ ಕೆಲಸ ಆಗಬಾರದು. ಅಂಗಡಿಗೆ ಹೋಗಿ ಉದ್ರಿ ಪುಸ್ತಕ ನೋಡಬೇಕು.

ಸಾಲದ ಮಾತೂ ಅಷ್ಟೇ. ಕಲಿತು ಆರು ತಿಂಗಳಾದ ಮೇಲೆ ಸಾಲ ಸಿಕ್ಕರೆ ಅಷ್ಟರಲ್ಲಿ ಹುಡುಗ ಬೆಂಗಳೂರಿನ ಬಸ್ ಹತ್ತಿರುತ್ತಾನೆ. ತರಬೇತಿಯಲ್ಲಿ ಇರುವಾಗಲೇ ಯಂತ್ರದ ಕೊಟೇಶನ್ ತರಿಸಿ, ಬ್ಯಾಂಕಿಗೆ ಅರ್ಜಿ ಹಾಕಿಸಿ. ಯಾರಾದರೂ ಅಂಗಡಿ ತೆರೆಯದೆ ಹುಬ್ಬಳ್ಳಿಯ ಗ್ಯಾರೇಜಿಗೆ ಸೇರಿದರೆ ಅವರನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ನಾಲ್ಕನೇ ವರ್ಷ ಅವರನ್ನೂ ಕೇಳಬೇಕು.