ಗಿಡದ ಸಾರದಿಂದ ಜಂತುಹುಳುವಿನ ಔಷಧಿಗೆ: ಪ್ರಯೋಗಗಳನ್ನು ಓದುವಾಗ ಏನೇನು ನೋಡಬೇಕು

ಜಂತುಹುಳುವಿಗೆ ಮಾತ್ರೆ ಇದೆಯಲ್ಲ, ಮತ್ತೆ ಗಿಡಗಳ ಹಿಂದೆ ಯಾಕೆ ಹೋಗಬೇಕು? ಮೊದಲು ಇದನ್ನು ಮುಗಿಸಿಕೊಳ್ಳೋಣ. ಮಣ್ಣಿನಿಂದ ಹರಡುವ ಹುಳುಗಳು ಸುಮಾರು 150 ಕೋಟಿ ಜನರಲ್ಲಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಜನರಿಗೆ ಕೊಡುವ ಮುಖ್ಯ ಔಷಧಿಗಳು ಎರಡೇ: ಆಲ್ಬೆಂಡಜೋಲ್ ಮತ್ತು ಮೆಬೆಂಡಜೋಲ್. ಎರಡೂ ಒಂದೇ ಕುಟುಂಬದವು. 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದೇ ಸಲ ನುಂಗಿದರೆ ದುಂಡುಹುಳು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಆದರೆ ಚಾಟಿಹುಳು ಪೂರ್ತಿ ವಾಸಿಯಾಗುವುದು ನೂರರಲ್ಲಿ ಸುಮಾರು ಮೂವತ್ತು ಜನರಿಗೆ ಮಾತ್ರ.

ಇನ್ನೊಂದು ಭಯ, ಔಷಧಿಗೆ ಹುಳು ಜಗ್ಗದೇ ಹೋಗುವುದು. ಕುರಿಗಳಲ್ಲಿ ಇದು ಎಂದೋ ಆಗಿದೆ. ಇದೇ ಕುಟುಂಬದ ಮೊದಲ ಔಷಧಿ ಥಯಾಬೆಂಡಜೋಲ್ ಬಂದದ್ದು 1961ರಲ್ಲಿ. 1964ಕ್ಕಾಗಲೇ ಕುರಿಯ ಹೊಟ್ಟೆಯ ಹೀಮಾಂಕಸ್ ಹುಳು ಅದಕ್ಕೆ ಬಗ್ಗುತ್ತಿಲ್ಲ ಅನ್ನುವ ವರದಿ ಬಂತು. ಈ ಔಷಧಿಗಳು ಹುಳುವಿನ ಬೀಟಾ ಟ್ಯೂಬುಲಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ಆ ಪ್ರೋಟೀನಿನ 200ನೇ ಜಾಗದಲ್ಲಿ ಫೀನೈಲ್‌ಅಲನೀನ್ ಇರಬೇಕಾದಲ್ಲಿ ಟೈರೋಸಿನ್ ಬಂದರೆ ಸಾಕು, ಔಷಧಿಯ ಹಿಡಿತ ತಪ್ಪುತ್ತದೆ. ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ! ಹಾಗಾಗಿ ಹುಡುಕುತ್ತಿರುವುದು ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಿಯನ್ನು. "ಇದೂ ಹುಳು ಕೊಲ್ಲುತ್ತದೆ" ಅನ್ನುವುದಷ್ಟೇ ಸಾಲದು.

ಹಳೆಯ ಗಿಡಮದ್ದುಗಳು

ಗಿಡದ ಔಷಧಿ ಹೊಸ ವಿಚಾರವೇನಲ್ಲ. ಆರ್ಟಿಮಿಸಿಯಾ ಜಾತಿಯ ಗಿಡದಿಂದ ಸ್ಯಾಂಟೋನಿನ್ ಬೇರ್ಪಟ್ಟದ್ದು 1830ರಲ್ಲಿ. ದುಂಡುಹುಳುವಿಗೆ ನೂರು ವರ್ಷಕ್ಕೂ ಜಾಸ್ತಿ ಕಾಲ ಅದನ್ನು ಕೊಟ್ಟರು. ಡೋಸ್ ಸ್ವಲ್ಪ ಹೆಚ್ಚಾದರೆ ರೋಗಿಗೆ ಕಂಡದ್ದೆಲ್ಲ ಹಳದಿ. ಚೀನೋಪೋಡಿಯಂ ಗಿಡದ ಎಣ್ಣೆಯನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಕ್ಕೆಹುಳುವಿನ ವಿರುದ್ಧ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಅದರಲ್ಲಿರುವ ಆಸ್ಕರಿಡೋಲ್ ಹುಳುವನ್ನು ಕೊಲ್ಲುವ ಡೋಸಿಗೂ ಮನುಷ್ಯನಿಗೆ ವಿಷವಾಗುವ ಡೋಸಿಗೂ ಅಂತರ ತೀರಾ ಕಡಿಮೆ. ರೋಗಿಗಳು ಸತ್ತದ್ದೂ ಉಂಟು. "ಗಿಡದ್ದು, ಅದಕ್ಕೇ ಸುರಕ್ಷಿತ" ಅನ್ನುವವರಿಗೆ ಈ ಎಣ್ಣೆಯ ಕತೆ ಹೇಳಿ. ಮುತ್ತುಗದ ಬೀಜದ ಪಲಾಸೋನಿನ್, ದಾಳಿಂಬೆ ತೊಗಟೆಯ ಪೆಲ್ಲೆಟಿಯರಿನ್ ಕೂಡ ಇದೇ ಸಾಲಿನವು. ಸಕ್ರಿಯ ವಸ್ತು ಇದೆ, ಸರಿ. ಎಷ್ಟರಲ್ಲಿ ಕೆಲಸ, ಎಷ್ಟರಲ್ಲಿ ಅಪಾಯ ಅನ್ನುವುದೇ ತಕರಾರು.

ಸಾರ ತೆಗೆಯುವುದು

ಗಿಡವನ್ನು ಯಾವ ದ್ರಾವಕದಲ್ಲಿ ನೆನೆಸಿದಿರಿ ಅನ್ನುವುದರ ಮೇಲೆ ಸಾರದಲ್ಲಿ ಏನು ಬರುತ್ತದೆ ಅನ್ನುವುದು ನಿಂತಿದೆ. ನೀರಿನಲ್ಲಿ ಟ್ಯಾನಿನ್ (ಒಗರು ಕೊಡುವ ವಸ್ತು), ಸಕ್ಕರೆಯಂಥವು ಬರುತ್ತವೆ. ಹೆಕ್ಸೇನಿನಲ್ಲಿ ಎಣ್ಣೆಯಂಥವು. ಮೆಥನಾಲ್‌ನಲ್ಲಿ ನಡುವಿನ ಬಹಳಷ್ಟು. ಬಿಸಿ ಕೂಡ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಉದಾಹರಣೆ ಮಲೇರಿಯಾದ್ದು: ಕುದಿಸಿ ತೆಗೆದ ಸಾರ ನಂಬುವಂತೆ ಕೆಲಸ ಮಾಡದಿದ್ದಾಗ ಚೀನಾದ ವಿಜ್ಞಾನಿ ತು ಯೂಯೂ ಕಡಿಮೆ ಬಿಸಿಯಲ್ಲಿ ಈಥರ್ ಬಳಸಿದರು, 1971ರಲ್ಲಿ ಫಲ ಸಿಕ್ಕಿತು. ಮುಂದೆ ಅದರಿಂದಲೇ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧಿ ಬಂತು. ಅದರ ಮಕ್ಕಳಾದ ಆರ್ಟಿಮೀಥರ್, ಆರ್ಟಿಸುನೇಟ್ ರಕ್ತನಾಳದಲ್ಲಿ ಬದುಕುವ ಶಿಸ್ಟೋಸೋಮಾ ಹುಳುವಿನ ಎಳೆಯ ಹಂತಗಳನ್ನೂ ಕೊಲ್ಲುತ್ತವೆ. ಆ ರೋಗಕ್ಕೆ ಈಗ ಕೊಡುವ ಪ್ರಾಜಿಕ್ವಾಂಟೆಲ್ ಎಡವುವುದು ಸರಿಯಾಗಿ ಆ ಎಳೆ ಹುಳುಗಳ ಮುಂದೆ.

ಸಾರ ಕೆಲಸ ಮಾಡಿತು ಅಂದರೆ ಅದನ್ನು ಭಾಗ ಮಾಡುತ್ತಾರೆ, ಪ್ರತಿ ಭಾಗವನ್ನೂ ಹುಳುವಿನ ಮೇಲೆ ನೋಡುತ್ತಾರೆ, ಕೆಲಸ ಮಾಡಿದ ಭಾಗವನ್ನು ಮತ್ತೆ ಒಡೆಯುತ್ತಾರೆ. ಕೊನೆಗೆ ಒಂದು ಶುದ್ಧ ವಸ್ತು ಸಿಗಬೇಕು. ಎಷ್ಟೋ ಪ್ರಬಂಧಗಳು ಮೊದಲ ಮೆಟ್ಟಿಲಲ್ಲೇ, ಅಂದರೆ ಕಚ್ಚಾ ಸಾರದಲ್ಲೇ ನಿಂತುಬಿಡುತ್ತವೆ.

ಯಾವ ಹುಳು?

ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಸಾರವನ್ನು ಎರೆಹುಳುವಿನ ಮೇಲೆ ಸುರಿದು, ಅದು ಎಷ್ಟು ನಿಮಿಷಕ್ಕೆ ಸುಸ್ತಾಯಿತು, ಎಷ್ಟಕ್ಕೆ ಸತ್ತಿತು ಅಂತ ಪಟ್ಟಿ ಮಾಡಿದ ಪ್ರಬಂಧಗಳು ರಾಶಿ ಬಿದ್ದಿವೆ. ಎರೆಹುಳು ಪರಾವಲಂಬಿ ಅಲ್ಲ. ದುಂಡುಹುಳುವಿನ ವರ್ಗಕ್ಕೂ ಅದು ಸೇರಿಲ್ಲ. ಒದ್ದೆ ಚರ್ಮದಿಂದ ಉಸಿರಾಡುವ ಪ್ರಾಣಿ ಅದು, ಸೋಪಿನ ನೀರು ಬಿದ್ದರೂ ಸಾಯುತ್ತದೆ. ದುಂಡುಹುಳುವಿನ ಮೈಮೇಲೆ ಗಟ್ಟಿ ಕ್ಯುಟಿಕಲ್ ಕವಚ ಇದೆ, ಎಷ್ಟೋ ವಸ್ತುಗಳು ಅದನ್ನು ದಾಟುವುದೇ ಇಲ್ಲ. ಎರೆಹುಳು ಸಿಗುವುದು ಸುಲಭ, ನಿಜ. ಆದರೆ ಅದರ ಸಾವಿನಿಂದ ಕೊಕ್ಕೆಹುಳುವಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಇದಕ್ಕಿಂತ ಎಷ್ಟೋ ವಾಸಿ ಸಿ. ಎಲೆಗನ್ಸ್. ಮಿಲಿಮೀಟರ್ ಉದ್ದದ ಹುಳು, ಮೂರು ದಿನಕ್ಕೆ ದೊಡ್ಡದಾಗುತ್ತದೆ, ನರಕೋಶಗಳು ಲೆಕ್ಕ ಹಾಕಿದಂತೆ 302. ಇದೂ ಪರಾವಲಂಬಿ ಅಲ್ಲ, ಆದರೆ ನಿಜವಾದ ನೆಮಟೋಡ್, ಅಂದರೆ ದುಂಡುಹುಳುವಿನ ವರ್ಗದ್ದೇ. ಲೆವಮಿಸೋಲ್ ಎಂಬ ಇನ್ನೊಂದು ಹುಳು ಔಷಧಿಗೆ ಜಗ್ಗದ ತಳಿ, ಆಲ್ಬೆಂಡಜೋಲ್ ಗುಂಪಿಗೆ ಜಗ್ಗದ ತಳಿ ಎರಡೂ ಲ್ಯಾಬಿನಲ್ಲಿ ಸಿಗುತ್ತವೆ. ಹೊಸ ವಸ್ತು ಈ ತಳಿಗಳನ್ನೂ ಮಾಮೂಲಿ ತಳಿಯಷ್ಟೇ ಕೊಂದರೆ ಅದರ ದಾರಿ ಬೇರೆ ಇರಬಹುದು ಅನ್ನುವ ಸುಳಿವು. ನಮಗೆ ಬೇಕಾದದ್ದೂ ಅದೇ, ಅಲ್ವಾ?

ಇದರಲ್ಲೂ ಒಂದು ಗುಂಡಿ ಇದೆ. ಸಿ. ಎಲೆಗನ್ಸ್ ತಿನ್ನುವುದು ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ. ಗಿಡದ ವಸ್ತು ಬ್ಯಾಕ್ಟೀರಿಯಾ ಕೊಲ್ಲುವಂಥದ್ದಾದರೆ ಹುಳು ಹಸಿವಿನಿಂದ ಬೆಳೆಯದೇ ಕೂರುತ್ತದೆ. "ಬೆಳವಣಿಗೆ ನಿಂತಿತು" ಅಂತ ಬರೆದುಕೊಂಡರೆ ಮೋಸಹೋದಂತೆ. ಆ ಬ್ಯಾಕ್ಟೀರಿಯಾದ ಮೇಲೂ ವಸ್ತುವನ್ನು ಬೇರೆಯಾಗಿ ನೋಡಿದ್ದಾರಾ ಅಂತ ಹುಡುಕಿ.

ಎಷ್ಟು ಪ್ರಮಾಣದಲ್ಲಿ?

ಪ್ರಬಂಧ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ. ಒಂದು ಲೆಕ್ಕ ಮಾಡೋಣ. ಸಾರವನ್ನು ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಹಾಕಿದರು ಅಂದುಕೊಳ್ಳಿ. ಅದರಲ್ಲಿ ಸಕ್ರಿಯ ವಸ್ತು ಶೇಕಡಾ 1 ಇದೆ, ಅಣುತೂಕ 300. ಅಂದರೆ ಮಿಲಿಲೀಟರಿಗೆ 500 ಮೈಕ್ರೋಗ್ರಾಂ, ಸುಮಾರು 1,670 ಮೈಕ್ರೋಮೋಲಾರ್ (ದ್ರಾವಣದಲ್ಲಿ ಎಷ್ಟು ಅಣುಗಳಿವೆ ಅನ್ನುವ ಅಳತೆ). ಒಳ್ಳೆಯ ಹುಳು ಔಷಧಿಯನ್ನು ಹುಡುಕುವವರು ಮೊದಲ ಸುತ್ತಿಗೆ 10 ಮೈಕ್ರೋಮೋಲಾರ್ ಸುತ್ತಮುತ್ತ ನೋಡುವುದು ವಾಡಿಕೆ. ಅದು ಇಲ್ಲಿ ಮಿಲಿಲೀಟರಿಗೆ 3 ಮೈಕ್ರೋಗ್ರಾಂ ಆಗುತ್ತದೆ. ನಮ್ಮ ಸಾರದಲ್ಲಿರುವುದು ಅದಕ್ಕಿಂತ 160 ಪಟ್ಟಿಗೂ ಜಾಸ್ತಿ. ಇಷ್ಟು ಹಾಕಿದರೆ ಉಪ್ಪೂ ಹುಳು ಕೊಲ್ಲುತ್ತದೆ.

ಕಂಟ್ರೋಲ್, ಅಂದರೆ ಹೋಲಿಕೆಗೆ ಇಡುವ ಗುಂಪುಗಳ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಮಾತ್ರ ಹಾಕಿದ ಗುಂಪು ಇರಬೇಕು, ಅದರ ಅಂತಿಮ ಪ್ರಮಾಣ ಶೇಕಡಾ 1 ದಾಟದಿದ್ದರೆ ಒಳ್ಳೆಯದು. ಗೊತ್ತಿರುವ ಔಷಧಿ ಹಾಕಿದ ಗುಂಪೂ ಬೇಕು. ಮತ್ತೆ, ಅಲ್ಲಾಡದ ಹುಳು ಸತ್ತ ಹುಳು ಅಲ್ಲ. ಲೆವಮಿಸೋಲ್ ಹುಳುವಿನ ಸ್ನಾಯುಗಳನ್ನು ಸೆಟೆಸುತ್ತದೆ, ಐವರ್ಮೆಕ್ಟಿನ್ ಸಡಿಲ ಬಿಡಿಸುತ್ತದೆ. ತೊಳೆದು ಹೊಸ ದ್ರಾವಣಕ್ಕೆ ಹಾಕಿದಾಗ ಚೇತರಿಸಿಕೊಂಡಿತಾ ಅಂತ ನೋಡಿದ್ದಾರಾ?

ಟ್ಯಾನಿನ್ ಎಂಬ ತಂಟೆ

ಟ್ಯಾನಿನ್‌ಗಳು ಕಂಡ ಕಂಡ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಮೊಟ್ಟೆ ಒಡೆಯುವ ಪರೀಕ್ಷೆಯಲ್ಲೂ ಲಾರ್ವಾ ಪರೀಕ್ಷೆಯಲ್ಲೂ ಇವು ಫಲಿತಾಂಶ ತೋರಿಸುತ್ತವೆ, ಆದರೆ ಅದನ್ನು ನಿರ್ದಿಷ್ಟ ಗುರಿ ಅನ್ನಲಾಗದು. ಇದನ್ನು ಹಿಡಿಯಲು ಚೆನ್ನಾದ ಉಪಾಯ ಒಂದಿದೆ. ಪಾಲಿವಿನೈಲ್ ಪಾಲಿಪೈರೊಲಿಡೋನ್ ಪುಡಿಯನ್ನು ಸಾರಕ್ಕೆ ಕಲಸಿದರೆ ಟ್ಯಾನಿನ್ ಅದಕ್ಕೆ ಅಂಟಿ ತಳಕ್ಕೆ ಹೋಗುತ್ತದೆ. ಮೇಲಿನ ತಿಳಿಯನ್ನು ಮತ್ತೆ ಪರೀಕ್ಷಿಸಿ. ಪರಿಣಾಮ ಮಾಯವಾದರೆ ಅದು ಟ್ಯಾನಿನ್‌ದೇ ಆಟ, ಉಳಿದರೆ ಬೇರೆ ಏನೋ ಇದೆ. ಹಾಗಂತ ಟ್ಯಾನಿನ್ ಬೇಡವೇ ಬೇಡ ಅನ್ನುತ್ತಿಲ್ಲ. ಸೈನ್‌ಫಾಯಿನ್‌ನಂಥ ಟ್ಯಾನಿನ್ ಮೇವು ಕುರಿ, ಆಡುಗಳಲ್ಲಿ ಹುಳುವಿನ ಹೊರೆ ತಗ್ಗಿಸಬಲ್ಲದು. ಮೇವಾಗಿ ಸರಿ, ಮಾತ್ರೆಯಾಗುವ ಅಣುವಾಗಿ ಕಷ್ಟ.

ಅರಿಶಿನದ ಕರ್ಕ್ಯುಮಿನ್ ಇನ್ನೊಂದು ಥರದ ತಂಟೆ. ಎಲ್ಲ ಪರೀಕ್ಷೆಗಳಲ್ಲೂ "ಕೆಲಸ ಮಾಡುತ್ತದೆ", ಯಾಕೆಂದರೆ ಬಹಳಷ್ಟು ಪರೀಕ್ಷೆಗಳ ಕೆಲಸವನ್ನೇ ಅದು ಕೆಡಿಸುತ್ತದೆ. ಇಂಥ ಅಣುಗಳ ಹೆಸರು ಕಂಡರೆ ಒಂದು ಹೆಜ್ಜೆ ನಿಧಾನ ಮಾಡಿ.

ಪ್ರಾಣಿಯಲ್ಲಿ

ತಟ್ಟೆಯಿಂದ ಪ್ರಾಣಿಗೆ ಹೋಗುವ ಮೊದಲು ಸಸ್ತನಿಯ ಜೀವಕೋಶಗಳ ಮೇಲೆ ವಿಷ ಎಷ್ಟು ಅಂತ ನೋಡಬೇಕು. ಅರ್ಧ ಜೀವಕೋಶ ಕೊಲ್ಲುವ ಪ್ರಮಾಣವನ್ನು ಅರ್ಧ ಹುಳು ಕೊಲ್ಲುವ ಪ್ರಮಾಣದಿಂದ ಭಾಗಿಸಿ. 10ಕ್ಕಿಂತ ಹೆಚ್ಚು ಬಂದರೆ ಮುಂದುವರಿಯಬಹುದು ಅನ್ನುವುದು ಸಾಮಾನ್ಯ ಅಳತೆ.

ಆಮೇಲೆ ಹುಳು ಎಲ್ಲಿದೆ ಅನ್ನುವ ಪ್ರಶ್ನೆ. ಕರುಳಿನ ಒಳಗೇ ಓಡಾಡುವ ಹುಳುವಿಗೆ ಔಷಧಿ ರಕ್ತಕ್ಕೆ ಸೇರದಿದ್ದರೂ ನಡೆಯುತ್ತದೆ, ಇನ್ನೂ ಒಳ್ಳೆಯದೇ. ರಕ್ತನಾಳದಲ್ಲಿ, ಅಂಗಾಂಶದಲ್ಲಿ ಇರುವ ಹುಳುವಿಗೆ ಔಷಧಿ ರಕ್ತಕ್ಕೆ ಸೇರಲೇಬೇಕು, ಪಿತ್ತಜನಕಾಂಗದಲ್ಲಿ ಮುರಿಯದೆ ಉಳಿಯಲೂ ಬೇಕು.

ಕುರಿಯಂಥ ಪ್ರಾಣಿಗಳಲ್ಲಿ ಅಳೆಯುವುದು ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳನ್ನು. ಊಹೆಯ ಅಂಕಿಯಲ್ಲಿ ನೋಡಿ. ಔಷಧಿ ಕೊಟ್ಟ ಗುಂಪು 1200ರಿಂದ 300ಕ್ಕೆ ಇಳಿಯಿತು. ಶೇಕಡಾ 75 ಇಳಿಕೆ, ಭಲೇ! ಆದರೆ ಏನೂ ಕೊಡದ ಗುಂಪೂ 1000ದಿಂದ 600ಕ್ಕೆ ಇಳಿದಿದೆ. ಅಂದರೆ ಔಷಧಿ ಇಲ್ಲದೆಯೂ 0.6 ಭಾಗ ಉಳಿಯುತ್ತಿತ್ತು, ಔಷಧಿ ಕೊಟ್ಟಾಗ 0.25 ಭಾಗ ಉಳಿಯಿತು. 0.25ನ್ನು 0.6ರಿಂದ ಭಾಗಿಸಿದರೆ ಸುಮಾರು 0.42. ನಿಜವಾದ ಇಳಿಕೆ ಶೇಕಡಾ 58. ಅಷ್ಟೂ ಸಾವೇ ಅಂತ ಹೇಳಲಾಗದು, ಹೆಣ್ಣುಹುಳು ಬದುಕಿದ್ದೇ ಮೊಟ್ಟೆ ಇಡುವುದನ್ನು ಕಡಿಮೆ ಮಾಡಿರಬಹುದು. ಕರುಳು ತೆರೆದು ಹುಳು ಎಣಿಸಿದ ಅಂಕಿ ಇದ್ದರೆ ಅದನ್ನೇ ನಂಬಿ.

ಅಚ್ಚುಕಟ್ಟಾದ ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ಪರಂಗಿ ಹಾಲಿನ ಪ್ರಯೋಗಗಳನ್ನು ಓದಬಹುದು. ಅದರಲ್ಲಿರುವ ಪಪೇನ್‌ನಂಥ ಕಿಣ್ವಗಳು ಹುಳುವಿನ ಕ್ಯುಟಿಕಲ್ಲನ್ನೇ ಅರಗಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈಮೇಲೆ ಬೊಕ್ಕೆ ಏಳುತ್ತದೆ, ಆಮೇಲೆ ಹುಳು ಒಡೆಯುತ್ತದೆ. ಇದು ಕಿಣ್ವದಿಂದಲೇ ಆಯಿತಾ? ಆ ಬಗೆಯ ಕಿಣ್ವವನ್ನು ತಡೆಯುವ ಇ-64 ಎಂಬ ವಸ್ತುವನ್ನು ಜೊತೆಗೆ ಹಾಕಿದರು, ಪರಿಣಾಮ ನಿಂತುಹೋಯಿತು. ಟ್ಯೂಬುಲಿನ್ ಗೊಡವೆಯೇ ಇಲ್ಲದ ದಾರಿ ಇದು. ಚಾಟಿಹುಳುವಿನ ಸೋಂಕಿರುವ ಇಲಿಗಳಿಗೆ ಪರಂಗಿ ಹಾಲು ಕೊಟ್ಟಾಗ ಹುಳುಗಳ ಸಂಖ್ಯೆಯೂ ಇಳಿದಿದೆ. ಉಳಿದಿರುವ ತೊಡಕು, ಕಿಣ್ವ ಅಂದಮೇಲೆ ಅದೂ ಪ್ರೋಟೀನೇ. ಹೊಟ್ಟೆಯ ಆಮ್ಲ ದಾಟಿ ಕರುಳಿನ ಆ ತುದಿಯವರೆಗೆ ಅದನ್ನು ಕೆಡದಂತೆ ತಲುಪಿಸಬೇಕು.