ಬಿಪಿ ಕಮ್ಮಿ ಇದೆ, ನಾಡಿ 56 ಇದೆ, ಹಾರ್ಟ್ ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ತಂದೆಗೆ 61 ವರ್ಷ. ಮನೆಯಲ್ಲೇ ರೇಷ್ಮೆ ರೀಲಿಂಗ್ ಕೆಲಸ, ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಅವರೇ ಹೋಗುತ್ತಾರೆ. ಎರಡು ತಿಂಗಳ ಹಿಂದೆ ಉಸಿರು ಕಟ್ಟಿ, ಕಾಲು ಊದಿಕೊಂಡು ಬೆಂಗಳೂರಿನಲ್ಲಿ ಅಡ್ಮಿಟ್ ಮಾಡಿದ್ದೆವು. ಎಕೋದಲ್ಲಿ ಪಂಪಿಂಗ್ 30 ಪರ್ಸೆಂಟ್ ಅಂತ ಬಂತು. ಬೇರೆ ಮಾತ್ರೆಗಳ ಜೊತೆ ಕಾರ್ವೆಡಿಲಾಲ್ 3.125 ಶುರು ಮಾಡಿ, ಈಗ 6.25ಕ್ಕೆ ಏರಿಸಿದ್ದಾರೆ. ಏರಿಸಿದಾಗಿನಿಂದ ಸುಸ್ತು. ಎದ್ದು ನಿಂತರೆ ತಲೆ ಸುತ್ತುತ್ತದೆ ಅನ್ನುತ್ತಾರೆ. ಬಿಪಿ 104/66, ನಾಡಿ 56. ಇದು ಬಿಪಿ ಮಾತ್ರೆ, ನಿಮಗೆ ಬಿಪಿನೇ ಇಲ್ಲವಲ್ಲ, ಸುಮ್ನೆ ಯಾಕೆ ನುಂಗ್ತೀರಿ ಅಂತ ನೆಂಟರು ಹೇಳಿದ್ದಾರೆ. ಬಿಟ್ಟುಬಿಡಬಹುದಾ?

ಉತ್ತರ: ಬಿಡಬೇಡಿ. ನೀವಾಗಿಯೇ ಅರ್ಧ ಮಾಡಲೂ ಬೇಡಿ. ಆದರೆ ಸುಸ್ತು, ತಲೆಸುತ್ತು ಎರಡನ್ನೂ ಸಹಿಸಿಕೊಂಡು ಕೂರಬೇಕಾಗಿಯೂ ಇಲ್ಲ. ಮಾತ್ರೆ ಬರೆದ ಡಾಕ್ಟರಿಗೆ ಇವತ್ತೋ ನಾಳೆಯೋ ಫೋನ್ ಮಾಡಿ ಹೇಳಿ. ಡೋಸ್ ಹಾಗೇ ಇರಲಿ, ಇಳಿಸೋಣ, ಬೇರೆ ಮಾತ್ರೆ ಬದಲಿಸೋಣ ಅಂತ ತೀರ್ಮಾನ ಮಾಡಬೇಕಾದವರು ಅವರು.

ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಂತವನಿಗೆ ಈ ಪ್ರಶ್ನೆ ತುಂಬಾ ಪರಿಚಯದ್ದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಎಲ್ಲಿಂದ ಬಂದವರೂ ಚೀಟಿ ತೋರಿಸಿ, ಬೆರಳಿಟ್ಟು, "ಈ ಬಿಪಿ ಮಾತ್ರೆ ಒಂದು ಬೇಡ ಬಿಡಿ" ಅನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ಇದೇ ಮಾತ್ರೆಯನ್ನು ಬಿಪಿಗೂ ಕೊಡುತ್ತಾರೆ. ಹಾರ್ಟ್ ಪಂಪಿಂಗ್ (ತನ್ನೊಳಗಿನ ರಕ್ತದಲ್ಲಿ ಎಷ್ಟು ಭಾಗವನ್ನು ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಅನ್ನುವುದು) ಕಮ್ಮಿ ಇದ್ದವರಿಗೆ ಕೊಡುವ ಕಾರಣ ಮಾತ್ರ ಬೇರೆ, ಅದನ್ನು ಯಾರೂ ಕೂತು ಹೇಳಿರುವುದಿಲ್ಲ.

ಹೃದಯದ ಬಲ ಕುಗ್ಗಿದಾಗ ಅಂಗಾಂಗಗಳಿಗೆ ರಕ್ತ ಸಾಲುವುದಿಲ್ಲ. ದೇಹ ಆಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಅನ್ನುವ ರಸಗಳನ್ನು ಜಾಸ್ತಿ ಬಿಡುತ್ತದೆ. ಹೃದಯ ಬೇಗ ಬೇಗ ಬಡಿಯುತ್ತದೆ, ಜೋರಾಗಿ ಹಿಂಡುತ್ತದೆ. ಒಂದೆರಡು ದಿನಕ್ಕೆ ಇದರಿಂದ ಅನುಕೂಲವೇ. ತಿಂಗಳುಗಟ್ಟಲೆ ಹೀಗೇ ನಡೆದರೆ ಹೃದಯದ ಸ್ನಾಯು ಇನ್ನಷ್ಟು ಹಾಳಾಗುತ್ತದೆ, ಹಿಗ್ಗುತ್ತದೆ, ಬಡಿತದ ಲಯ ತಪ್ಪುತ್ತದೆ. ನಮ್ಮ ಕಡೆ ಬೋರ್‌ವೆಲ್ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಗೆ ನೀರು ಇಳಿದಾಗ ಮೋಟರ್ ಬಿಡದೆ ಓಡಿಸಿದರೆ ನೀರು ಜಾಸ್ತಿ ಬರಲ್ಲ, ಕಾಯಿಲ್ ಸುಟ್ಟುಹೋಗುತ್ತದೆ. ಕಾರ್ವೆಡಿಲಾಲ್ ಬೀಟಾ ಬ್ಲಾಕರ್ ಅನ್ನುವ ಗುಂಪಿನ ಮಾತ್ರೆ. ಈ ಗುಂಪಿನ ಮಾತ್ರೆ ಆ ಅಡ್ರಿನಲಿನ್ ಹೊಡೆತ ಹೃದಯಕ್ಕೆ ತಾಗದ ಹಾಗೆ ತಡೆಯುತ್ತದೆ. ಬಡಿತ ನಿಧಾನವಾಗುತ್ತದೆ, ಎರಡು ಬಡಿತದ ನಡುವೆ ಹೃದಯಕ್ಕೆ ತುಂಬಿಕೊಳ್ಳಲು ಹೊತ್ತು ಸಿಗುತ್ತದೆ.

ಹಾಗಾಗಿ ನಾಡಿ 56 ಅನ್ನುವ ಅಂಕಿ ನೋಡಿ ಹೆದರಬೇಡಿ. ಮಾತ್ರೆ ತನ್ನ ಕೆಲಸ ಮಾಡುತ್ತಿದೆ ಅಂತಲೇ ಅದರ ಅರ್ಥ. 50ಕ್ಕಿಂತ ಕೆಳಗೆ ಇಳಿದು, ಜೊತೆಗೆ ಸುಸ್ತು, ತಲೆಸುತ್ತು ಜಾಸ್ತಿಯಾದರೆ ಆಗ ಡೋಸ್ ಇಳಿಸುವ ಮಾತು ಬರುತ್ತದೆ. ಬಿಪಿಯೂ ಅಷ್ಟೆ. ಆರಾಮಾಗಿ ಓಡಾಡಿಕೊಂಡಿರುವವರಲ್ಲಿ ಮೇಲಿನ ಅಂಕಿ 100ರ ಆಸುಪಾಸು ಇದ್ದ ಮಾತ್ರಕ್ಕೆ ಈ ಮಾತ್ರೆ ನಿಲ್ಲಿಸುವುದಿಲ್ಲ.

ಒಂದು ಕಾಲದಲ್ಲಿ ಡಾಕ್ಟರುಗಳೇ ಬೀಟಾ ಬ್ಲಾಕರ್ ಮಾತ್ರೆಗಳಿಗೆ ಹೆದರುತ್ತಿದ್ದರು. ಮೊದಲೇ ದುರ್ಬಲವಾದ ಹೃದಯವನ್ನು ಇನ್ನೂ ನಿಧಾನ ಮಾಡುವುದಾ ಅನ್ನುವುದೇ ಅವರ ಪ್ರಶ್ನೆಯಾಗಿತ್ತು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಯವರು ಏಳೇ ಏಳು ರೋಗಿಗಳಿಗೆ ಕೊಟ್ಟು, ಅವರು ಸುಧಾರಿಸಿದ್ದನ್ನು ಪ್ರಕಟಿಸಿದರು. ಬಹಳ ಜನ ನಂಬಲಿಲ್ಲ. 1999ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಒಂದು ಬೈಸೊಪ್ರೊಲಾಲ್ ಮೇಲೆ, ಇನ್ನೊಂದು ಮೆಟೊಪ್ರೊಲಾಲ್ ಸಕ್ಸಿನೇಟ್ ಮೇಲೆ. ಎರಡರಲ್ಲೂ ಮಾತ್ರೆ ತಗೊಂಡವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗಿತ್ತು. 2001ರಲ್ಲಿ ಕಾಯಿಲೆ ತುಂಬಾ ಜೋರಾಗಿದ್ದವರಿಗೆ ಕಾರ್ವೆಡಿಲಾಲ್ ಕೊಟ್ಟು ನೋಡಿದಾಗಲೂ ಅದೇ ಫಲ ಸಿಕ್ಕಿತು. ನಿಮ್ಮ ತಂದೆಯ ಸ್ಟ್ರಿಪ್‌ನಲ್ಲಿರುವುದು ಅದೇ ಮಾತ್ರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೀಟಾ ಬ್ಲಾಕರ್ ಅಂದರೆ ಎಲ್ಲಾ ಒಂದೇ ಅಲ್ಲ. ಪಂಪಿಂಗ್ ಕಮ್ಮಿ ಇದ್ದವರಿಗೆ ಆಯಸ್ಸು ಹೆಚ್ಚಿಸುತ್ತದೆ ಅಂತ ಗಟ್ಟಿಯಾಗಿ ಸಾಬೀತಾಗಿರುವುದು ಈಗ ಹೇಳಿದ ಮೂರು. ವಯಸ್ಸಾದವರಲ್ಲಿ ನೆಬಿವೊಲಾಲ್ ಕೂಡ ಬಳಸುತ್ತಾರೆ. ಕಾರ್ವೆಡಿಲಾಲ್ ಖಾಲಿ, ಅಟೆನೊಲಾಲ್ ಇದೆ, ಅದೂ ಅದೇ ತರಹದ್ದು ಅಂತ ಯಾರಾದರೂ ಕೊಟ್ಟರೆ ತಗೋಬೇಡಿ. ಕಂಪನಿ ಹೆಸರು ಬದಲಾದರೆ ಚಿಂತೆಯಿಲ್ಲ, ಜನೌಷಧಿ ಕೇಂದ್ರದ್ದಾದರೂ ಸರಿ. ಒಳಗಿನ ಔಷಧದ ಹೆಸರು ಮತ್ತು ಮಿಲಿಗ್ರಾಂ ಅದೇ ಇರಬೇಕು. ಮೆಟೊಪ್ರೊಲಾಲ್‌ನಲ್ಲಿ ಸಕ್ಸಿನೇಟ್, ಟಾರ್ಟ್ರೇಟ್ ಅಂತ ಎರಡು ಬರುತ್ತವೆ. ನಮಗೆ ಬೇಕಾಗಿರುವುದು ದಿನವಿಡೀ ನಿಧಾನವಾಗಿ ಕರಗುವ ಸಕ್ಸಿನೇಟ್. ಅದನ್ನು ಅಗಿಯಬಾರದು, ಪುಡಿ ಮಾಡಬಾರದು. ಮಧ್ಯದಲ್ಲಿ ಗೀರು ಇದ್ದರೆ ಅಲ್ಲಿ ಮುರಿಯಬಹುದು.

ಈಗ ನಿಮ್ಮ ತಂದೆಯ ತಲೆಸುತ್ತಿನ ವಿಷಯ. ಗೂಡಿನ ಮಾರ್ಕೆಟ್ಟಿಗೆ ಹೋಗುವವರು ಅಂದಿರಿ. ಬೆಳಿಗ್ಗೆ ಬೇಗ ಎದ್ದು, ಬರೀ ಕಾಫಿ ಕುಡಿದು, ಎಲ್ಲಾ ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಹರಾಜಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರಾ? ಕೇಳಿ ನೋಡಿ. ಕಾರ್ವೆಡಿಲಾಲನ್ನು ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಬೇಗ ರಕ್ತಕ್ಕೆ ಸೇರುತ್ತದೆ, ನಿಂತಾಗ ಬಿಪಿ ದಬಕ್ಕನೆ ಇಳಿಯುತ್ತದೆ. ಅದಕ್ಕೇ ಇದನ್ನು ದಿನಕ್ಕೆ ಎರಡು ಸಲ, ಊಟ ತಿಂಡಿಯ ಜೊತೆಗೇ ತಗೋಬೇಕು. ಎರಡು ಇಡ್ಲಿಯಾದರೂ ಹೊಟ್ಟೆಗೆ ಬಿದ್ದಿರಲಿ. ಮೂತ್ರ ಹೋಗಿಸುವ ನೀರಿನ ಮಾತ್ರೆ, ಬೇರೆ ಬಿಪಿ ಇಳಿಸುವ ಮಾತ್ರೆ, ಇದು, ಮೂರೂ ಒಂದೇ ಹೊತ್ತಿಗೆ ಬೀಳುತ್ತಿದ್ದರೆ ಡಾಕ್ಟರು ಹೊತ್ತು ಬದಲಿಸಿ ಕೊಡುತ್ತಾರೆ. ಮೈಯಲ್ಲಿ ನೀರು ತುಂಬಿಲ್ಲ ಅನ್ನಿಸಿದರೆ ಅವರು ಮೊದಲು ನೀರಿನ ಮಾತ್ರೆಯನ್ನೇ ಇಳಿಸಬಹುದು. ಆಗ ಕಾರ್ವೆಡಿಲಾಲ್ ಮುಟ್ಟದೆಯೇ ತಲೆಸುತ್ತು ಹೋಗುತ್ತದೆ. ನೀವಾಗಿಯೇ ಬಿಟ್ಟರೆ ಇದ್ಯಾವುದೂ ಗೊತ್ತಾಗುವುದೇ ಇಲ್ಲ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ನಿಲ್ಲಲು ಹೇಳಿ.

ಸುಸ್ತಿಗೆ ಉತ್ತರ ಬೇರೆ. ಶುರು ಮಾಡಿದ, ಏರಿಸಿದ ಮೊದಲ ವಾರಗಳಲ್ಲಿ ಸುಸ್ತು ಸಾಮಾನ್ಯ. ಕೈಕಾಲು ತಣ್ಣಗಾಗುವುದೂ ಇದೆ. ಸಾಮಾನ್ಯವಾಗಿ ಅದು ತಾನಾಗಿಯೇ ಕಮ್ಮಿಯಾಗುತ್ತದೆ. ಇದು ತಲೆನೋವಿನ ಮಾತ್ರೆಯ ಹಾಗೆ ನುಂಗಿದ ದಿನವೇ ಹಾಯ್ ಅನ್ನಿಸುವುದಲ್ಲ. ಪಂಪಿಂಗ್ ಸುಧಾರಿಸಲು ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ಸಣ್ಣ ಡೋಸಿನಿಂದ ಶುರು ಮಾಡಿ, ಪ್ರತಿ ಸಲ ಕನಿಷ್ಠ ಎರಡು ವಾರ ಬಿಟ್ಟು ದುಪ್ಪಟ್ಟು ಮಾಡುತ್ತಾ ಹೋಗುತ್ತಾರೆ. ಕಾರ್ವೆಡಿಲಾಲ್ 3.125ರಿಂದ ಹೊರಟು, ತಡೆದುಕೊಂಡರೆ ದಿನಕ್ಕೆ ಎರಡು ಸಲ 25ರವರೆಗೆ. ಬೈಸೊಪ್ರೊಲಾಲ್ 1.25ರಿಂದ 10ರವರೆಗೆ. ಡೋಸ್ ಏರಿಸಿದರು ಅಂದರೆ ಕಾಯಿಲೆ ಜಾಸ್ತಿ ಆಯಿತು ಅಂತಲ್ಲ. ಮೊದಲಿಂದಲೂ ಲೆಕ್ಕ ಅದೇ. ಎಲ್ಲರೂ ಮೇಲಿನ ಡೋಸ್ ಮುಟ್ಟುವುದಿಲ್ಲ. ಸ್ವಲ್ಪ ತಗೊಂಡರೂ ಏನೂ ತಗೊಳ್ಳದೇ ಇರುವುದಕ್ಕಿಂತ ಮೇಲು.

ಏರಿಸಿದ ಹೊಸದರಲ್ಲಿ ಕೆಲವರಿಗೆ ಮೈಯಲ್ಲಿ ನೀರು ನಿಲ್ಲುತ್ತದೆ. ಇದನ್ನು ಹಿಡಿಯುವ ಸುಲಭ ದಾರಿ ತೂಕದ ಮಷೀನು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಒಂದೇ ತರಹದ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ರಾತ್ರಿ ಇನ್ನೊಂದು ದಿಂಬು ಬೇಕು ಅನ್ನಿಸಿದರೆ ಅವತ್ತೇ ಫೋನ್ ಮಾಡಿ. ನೀರಿನ ಮಾತ್ರೆ ಹೆಚ್ಚಿಸಿದರೆ ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ನಾಡಿಯನ್ನು ಮಷೀನಿಗೇ ಬಿಡಬೇಡಿ. ಬಡಿತ ತಪ್ಪುವವರಲ್ಲಿ ಬಿಪಿ ಮಷೀನು, ಬೆರಳಿಗೆ ಹಾಕುವ ಕ್ಲಿಪ್ಪು ಕೆಲವು ಬಡಿತ ಎಣಿಸುವುದೇ ಇಲ್ಲ. ತಂದೆಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ. ಅಂಗೈ ಮೇಲೆ ಮಾಡಿ ತೊಡೆ ಮೇಲೆ ಇಡಲಿ. ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ, ನಿಮ್ಮ ತೋರುಬೆರಳು ಮತ್ತು ನಡುಬೆರಳು ಇಟ್ಟು ಮೆಲ್ಲಗೆ ಒತ್ತಿ. ಹೆಬ್ಬೆರಳು ಇಡಬೇಡಿ, ಅದರಲ್ಲಿ ನಿಮ್ಮದೇ ನಾಡಿ ಸಿಗುತ್ತದೆ. ಜಾಸ್ತಿ ಒತ್ತಿದರೂ ಸಿಗಲ್ಲ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ದಿನ ಮಾಡಿದರೆ ಕೈ ಕೂರುತ್ತದೆ.

ಪ್ರಜ್ಞೆ ತಪ್ಪಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಕೂತಲ್ಲೇ ಏದುಸಿರು ಬಂದರೆ, ಎದೆ ನೋವು ಬಂದರೆ ಫೋನ್ ಮಾಡಿ ಕಾಯುವುದು ಬೇಡ. 108ಕ್ಕೆ ಕರೆ ಮಾಡಿ.

ದಿಢೀರ್ ಅಂತ ಬಿಟ್ಟರೆ ಏನಾಗುತ್ತದೆ? ಇಷ್ಟು ದಿನ ತಡೆದಿದ್ದ ಅಡ್ರಿನಲಿನ್ ಒಮ್ಮೆಲೇ ಹೃದಯಕ್ಕೆ ಬಡಿಯುತ್ತದೆ. ಬಡಿತ ಓಡುತ್ತದೆ, ಎದೆ ನೋವು ಬರಬಹುದು, ರಕ್ತನಾಳ ಕಟ್ಟಿರುವವರಲ್ಲಿ ಹಾರ್ಟ್ ಅಟ್ಯಾಕೇ ಆಗಬಹುದು. ನಿಲ್ಲಿಸಲೇಬೇಕಾದರೂ ಸಾಮಾನ್ಯವಾಗಿ ಹಂತಹಂತವಾಗಿ ಇಳಿಸುತ್ತಾರೆ. ಹಾಗಾಗಿ ಸ್ಟ್ರಿಪ್‌ನಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸದು ತನ್ನಿ. ಒಂದು ಹೊತ್ತು ಮರೆತರೆ, ನೆನಪಾದ ಕೂಡಲೇ ತಗೊಳ್ಳಲಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಲಿ. ಎರಡು ಒಟ್ಟಿಗೆ ಮಾತ್ರ ನುಂಗಬಾರದು. ಹಲ್ಲು ಕೀಳಿಸಲು, ಆಪರೇಷನ್‌ಗೆ ಹೋದಾಗಲೂ ಈ ಮಾತ್ರೆ ತಗೋತಿದ್ದೇವೆ ಅಂತ ಹೇಳಿ, ನೀವೇ ನಿಲ್ಲಿಸಿಕೊಂಡು ಹೋಗಬೇಡಿ. ಶಿಡ್ಲಘಟ್ಟದಲ್ಲಿ ರಂಜಾನ್ ಉಪವಾಸ ಮಾಡುವ ಮನೆಗಳು ಬಹಳ. ಅಂಥವರು, ಶಿವರಾತ್ರಿಗೆ ನಿರಾಹಾರ ಇರುವವರು, ಉಪವಾಸಕ್ಕೆ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆ ಹೊತ್ತು ಗೊತ್ತು ಮಾಡಿಕೊಳ್ಳಲಿ. ನೀರಿನ ಮಾತ್ರೆ ಇದ್ದರಂತೂ ಇದು ತೀರಾ ಮುಖ್ಯ.

ಕೂತು ಕೂತು ಸೊಂಟ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವವರು ಬಹಳ. ಹಾರ್ಟ್ ವೀಕ್ ಇರುವವರಿಗೆ ಇವು ಆಗಿಬರುವುದಿಲ್ಲ. ಮೈಯಲ್ಲಿ ನೀರು, ಉಪ್ಪು ಹಿಡಿದಿಡುತ್ತವೆ, ಕಿಡ್ನಿಗೂ ಪೆಟ್ಟು. ನೋವಿಗೆ ಏನು ತಗೋಬಹುದು ಅಂತ ಕೇಳಿಯೇ ತಗೊಳ್ಳಿ. ವೆರಾಪಮಿಲ್, ಡಿಲ್ಟಿಯಾಜೆಮ್ ಅನ್ನುವ ಹಳೆಯ ಮಾತ್ರೆ ಮನೆಯಲ್ಲಿ ಉಳಿದಿದ್ದರೆ ಇದರ ಜೊತೆ ಸೇರಿಸಬಾರದು, ಬಡಿತ ಅಪಾಯದಷ್ಟು ಇಳಿಯಬಹುದು. ಯಾರಿಗೂ ಹೊಳೆಯದ ಇನ್ನೊಂದು ಇದೆ: ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಡ್ರಾಪ್ಸ್. ಅದೂ ಬೀಟಾ ಬ್ಲಾಕರೇ. ಕಣ್ಣಿನಿಂದ ರಕ್ತಕ್ಕೆ ಸೇರಿ ನಾಡಿಯನ್ನು ಇನ್ನೂ ನಿಧಾನ ಮಾಡುತ್ತದೆ. ಕಣ್ಣಿನ ಡಾಕ್ಟರಿಗೆ ಹಾರ್ಟ್ ಮಾತ್ರೆ ಗೊತ್ತಿರಲ್ಲ, ಹಾರ್ಟ್ ಡಾಕ್ಟರಿಗೆ ಡ್ರಾಪ್ಸ್ ಗೊತ್ತಿರಲ್ಲ. ಇಬ್ಬರಿಗೂ ಹೇಳಬೇಕಾದವರು ಮನೆಯವರೇ.

ಶುಗರ್ ಇದ್ದು ಇನ್ಸುಲಿನ್ ತಗೊಳ್ಳುವವರಿಗೆ ಒಂದು ಮಾತು. ಶುಗರ್ ಇಳಿದಾಗ ಬರುವ ಎದೆ ಡವಡವ, ಕೈ ನಡುಕವನ್ನು ಈ ಮಾತ್ರೆ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಬರುತ್ತದೆ. ಸುಮ್ಸುಮ್ನೆ ಬೆವರಿದರೆ ಗ್ಲುಕೋಮೀಟರಿನಲ್ಲಿ ನೋಡಿ. ಆಸ್ತಮಾ ಇದ್ದರೆ ಮೊದಲೇ ಹೇಳಿ, ಕಾರ್ವೆಡಿಲಾಲ್ ಅಂಥವರಿಗೆ ಸರಿಯಲ್ಲ. ದಾಂಪತ್ಯದಲ್ಲಿ ತೊಂದರೆ ಶುರುವಾಯಿತು ಅಂತ ಯಾರಿಗೂ ಹೇಳದೆ ಮಾತ್ರೆ ಬಿಡುವ ಗಂಡಸರೂ ಇದ್ದಾರೆ. ನಾಚಿಕೆ ಪಡುವ ವಿಷಯವೇ ಅಲ್ಲ, ಹೇಳಿದರೆ ದಾರಿ ಇದೆ.

ಮುಂದೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಎಕೋದಲ್ಲಿ ಪಂಪಿಂಗ್ 50 ಬಂತು, ಇನ್ನು ಬಿಡಬಹುದಲ್ವಾ? ಇದನ್ನು ಲಂಡನ್ನಿನಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಹೃದಯ ಹಿಗ್ಗಿ, ಔಷಧದಿಂದ ಪೂರ್ತಿ ಸುಧಾರಿಸಿದ್ದವರಲ್ಲಿ ಮಾತ್ರೆಗಳನ್ನು ನಿಧಾನವಾಗಿ ನಿಲ್ಲಿಸಿದರು. ಆರು ತಿಂಗಳೊಳಗೆ 25 ಜನರಲ್ಲಿ 11 ಮಂದಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಮರಳಲಿಲ್ಲ. ಪಂಪಿಂಗ್ ಸುಧಾರಿಸಿರುವುದೇ ಮಾತ್ರೆಯಿಂದ, ಉಳಿಯುವುದೂ ಅದರಿಂದಲೇ.

ಡಾಕ್ಟರ ಹತ್ತಿರ ಹೋಗುವಾಗ ತೂಕ, ನಾಡಿ ಬರೆದ ಕ್ಯಾಲೆಂಡರ್ ಹಾಳೆ ತಗೊಂಡು ಹೋಗಿ. ಮನೆಯಲ್ಲಿರುವ ಎಲ್ಲಾ ಸ್ಟ್ರಿಪ್ಪು, ಡ್ರಾಪ್ಸು, ನಾಟಿ ಔಷಧಿ ಇದ್ದರೆ ಅದನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ. ಕೂತಾಗ ಒಂದು ಸಲ, ನಿಂತ ಮೇಲೆ ಒಂದು ಸಲ ಬಿಪಿ ನೋಡಿ ಅಂತ ಕೇಳಿಕೊಳ್ಳಿ. ನಿಮ್ಮ ತಂದೆಯ ವಿಷಯದಲ್ಲಿ ನಾಡಿ ಎಷ್ಟಕ್ಕೆ ಇಳಿದರೆ ಫೋನ್ ಮಾಡಬೇಕು, ಯಾವ ನಂಬರಿಗೆ ಮಾಡಬೇಕು ಅಂತ ಚೀಟಿಯ ಹಿಂದೆ ಬರೆಸಿಕೊಂಡೇ ಎದ್ದು ಬನ್ನಿ.